ಮಣ್ಣಿನ ಘಟ್ಟ

ಜೀನತ್ ಮಣ್ಣಿನ ರಸ್ತೆಯ ತಿರುವಿಗೆ ಗೋಡೆ ಕಟ್ಟುತ್ತಿರುವುದು ಕಂಡು ತನುಜಾಳಿಗೆ ಸಿಟ್ಟು ನೆತ್ತಿಗೇರಿತು. ಗುಂಪಿನ ನಾಯಕಿ ತನುಜಾಳೇ. ಹಲಗೆಯ ಮೇಲೆ ಎಲ್ಲರೂ ಸೇರಿ ಜೇಡಿಮಣ್ಣಿನಲ್ಲಿ ಅರಬೈಲ್ ಘಟ್ಟದ ಮಾದರಿ ಮಾಡಬೇಕಿತ್ತು: ಗುಡ್ಡ ತನುಜಾಳದು, ಹೊಳೆ ಸತೀಶನದು, ರಸ್ತೆ ಜೀನತ್‌ಳದು. ಒಬ್ಬರು ತಪ್ಪಿದರೂ ಇಡೀ ಗುಂಪಿನ ಅಂಕ ಹೋಗುತ್ತದೆ ಎಂದು ಪಾಠ ಮಾಡುವ ಅಕ್ಕೋರು ಮೊದಲೇ ಹೇಳಿದ್ದರು.

"ಎಂತದೇ ಇದು? ಅಲ್ಲಿ ಗೋಡೆ ಇಲ್ಲೆ. ತೆಗಿ ಅದನ್ನ."

ಜೀನತ್ ತೆಗೆಯಲಿಲ್ಲ. ಹೆಬ್ಬೆರಳನ್ನು ನೀರಲ್ಲಿ ಅದ್ದಿ, ಗೋಡೆಯ ಬುಡವನ್ನು ಒತ್ತಿ ಒತ್ತಿ ಗಟ್ಟಿ ಮಾಡತೊಡಗಿದಳು. ತನುಜಾ ತಾನೇ ಕಿತ್ತು ಹಾಕಲು ಕೈ ಚಾಚಿದಳು. "ನಿನ್ನಿಂದ ನಮ್ಗೆಲ್ಲ ಸೊನ್ನೆ ಸಿಗ್ತು ನೋಡು. ನಾವೆಲ್ಲ ಆ ಘಟ್ಟ ನೋಡಿದವ್ರೇ. ಅಲ್ಲಿ ಗೋಡೆ ಇಲ್ಲ ಅಂದ್ರೆ ಇಲ್ಲ."

"ಗೊತ್ತು," ಎಂದಳು ಜೀನತ್, ತಲೆ ಎತ್ತದೆ. "ಅಬ್ಬಾನ ಲಾರಿ ಆ ತಿರುವಲ್ಲಿ ಕೆಳಗೆ ಬಿದ್ದ ದಿನಾನೂ ಇರ್ಲಿಲ್ಲ."

ತನುಜಾಳ ಕೈ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಜೀನತ್ ಎಷ್ಟೋ ದಿನ ಶಾಲೆಗೆ ಬಂದಿರಲಿಲ್ಲ. ಬಂದ ಮೇಲೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ, ಒಂದೇ ಬೆಂಚಿನಲ್ಲಿ ಕೂರುವ ತನುಜಾಳೂ ಕೇಳಿರಲಿಲ್ಲ. ಈಗ ಗೋಡೆ ತಿರುವಿನ ಅರ್ಧಕ್ಕೆ ಬಂದು ನಿಂತಿತ್ತು. ಬುಟ್ಟಿಯಲ್ಲಿದ್ದ ಜೇಡಿಮಣ್ಣು ಮುಗಿದಿತ್ತು. ಪಕ್ಕದ ಗುಂಪಿಗೆ ಅಂಕ ಹಾಕಿ ಅಕ್ಕೋರು ಇತ್ತ ತಿರುಗಿದ್ದರು. ಬೆಳಿಗ್ಗೆಯಿಂದ ತಿದ್ದಿ ತೀಡಿ ನಿಲ್ಲಿಸಿದ್ದ ತನ್ನ ಗುಡ್ಡದ ತುದಿಯನ್ನು ತನುಜಾ ಪಟ್ಟನೆ ಮುರಿದು, ಜೀನತ್‌ಳ ಅಂಗೈಯಲ್ಲಿಟ್ಟಳು.

"ತಗ. ಇನ್ನೂ ಸ್ವಲ್ಪ ಎತ್ತರ ಮಾಡು."