ತಟ್ಟೆಯಡಿಯ ಹೆಬ್ಬೆರಳು

ಒಲೆಯ ಮೇಲಿನ ಹಾಲು ಉಕ್ಕಿತೆಂದು ಮಾನಮ್ಮ ರೊಟ್ಟಿಯ ತಟ್ಟೆಯಿಂದ ಕೈ ತೆಗೆದದ್ದೇ ತಡ, ತಕ್ಕಡಿಯಲ್ಲಿ ನೂರಾ ಹತ್ತು ಗ್ರಾಂ ಇದ್ದದ್ದು ನೂರಾ ಎಂಬತ್ತಕ್ಕೆ ಹಾರಿತು. ತಾನು ಕಲಿಸುವ ಪೋತ್ನಾಳದ ಶಾಲೆಗೆ ಹೊತ್ತಾಯಿತೆಂದು ನಿಂತೇ ಜಡೆ ಹಾಕಿಕೊಳ್ಳುತ್ತಿದ್ದ ಮಗಳು ಶಶಿಕಲಾಳ ಕೈ ಅಲ್ಲೇ ನಿಂತಿತು.

ಅಂಗೈ ಅಗಲದ ಬ್ಯಾಟರಿ ತಕ್ಕಡಿ ಅದು. ಒಂದೂವರೆ ತಿಂಗಳ ಹಿಂದೆ ರಾಯಚೂರಿನ ಡಾಕ್ಟರು, "ಶುಗರ್ ಹೊಸ್ತಿಲಿಗೆ ಬಂದು ನಿಂತದ ಟೀಚರ್. ಎಂಟು ಕೆಜಿ ಇಳಿಸಿದ್ರ ಹೊಳ್ಳಿ ಕಳಿಸಬಹುದು" ಎಂದ ದಿನವೇ ಬಜಾರಿನಿಂದ ಕೊಂಡು ತಂದಿದ್ದಳು. ಆ ಕಾಯಿಲೆ ಎಂಥದ್ದೆಂದು ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಅಪ್ಪ ಅಯ್ಯಪ್ಪನಿಗೆ ಮೊದಲು ಕಾಲ್ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ ಕತ್ತರಿಸಿ, ಕೊನೆಗೆ ಅವನನ್ನೇ ಮಣ್ಣು ಮಾಡಿದ್ದನ್ನು ಕಂಡವಳು. ಅದಕ್ಕೇ ಹಠ ಹಿಡಿದಳು. ಹುಮೇರಾ ಟೀಚರ್ ಈದಿನ ಸುರಕುಂಬಾ ಪಾಯಸ ತಂದರೆ ಮೂಸಿ ನೋಡಿ ಡಬ್ಬಿ ವಾಪಸ್ ಕೊಟ್ಟಳು; ಸ್ಟಾಫ್ ರೂಮಿನ ಮಿರ್ಚಿ ಭಜಿಗೆ ಬೆನ್ನು ಮಾಡಿ ಕೂತಳು. ಇಷ್ಟು ಬಾಯಿ ಕಟ್ಟಿದರೂ ಇಳಿದದ್ದು ಮುಕ್ಕಾಲು ಕೆಜಿ. ನಿನ್ನೆ ಡಾಕ್ಟರು, "ಖರೇ ಹೇಳ್ರಿ, ಕದ್ದು ತಿನ್ನಾಕತ್ತೀರೇನು?" ಎಂದಾಗ ನೆಲದೊಳಗೆ ಇಳಿದುಹೋದಂತಾಗಿತ್ತು.

ತಕ್ಕಡಿ ಮನೆಗೆ ಬಂದ ದಿನ ಮಾನಮ್ಮ, "ಮನ್ಯಾಗ ಕಿರಾಣಿ ಅಂಗಡಿ ಇಡ್ತಿಯೇನು?" ಎಂದು ಮೂಗು ಮುರಿದಿದ್ದಳು. ಎರಡೇ ದಿನಕ್ಕೆ, ತಾನೇ ತೂಗಿ ಕೊಡುತ್ತೇನೆಂದು ಮುಂದೆ ಬಂದಳು. ಅವ್ವ ಮೆತ್ತಗಾದಳೆಂದು ಶಶಿಕಲಾ ಹಿಗ್ಗಿದ್ದಳು, ಪಾಪ.

"ಯವ್ವಾ, ಕೈ ತೋರ್ಸು."

"ಹಾಲು ಉಕ್ಕಾಕತ್ಯಾವ, ತಡೀ."

"ಒಲಿ ಆರಿಸೀದಿ. ಕೈ ತೋರ್ಸು."

ಮಾನಮ್ಮ ಮತ್ತೆ ತಟ್ಟೆ ಹಿಡಿದೇ ತೋರಿಸಿದಳು. ತಟ್ಟೆ ಜಾರಬಾರದೆಂದು ಹಿಡಿಯುತ್ತಾಳೆ ಎಂದೇ ಮಗಳು ಇಷ್ಟು ದಿನ ನಂಬಿದ್ದಳು. ಆದರೆ ಹೆಬ್ಬೆರಳು ತಟ್ಟೆಯ ಅಂಚಿನಡಿ ಹೋಗಿ ಅದನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿತ್ತು. ದಪ್ಪಗೆ ತಟ್ಟಿದ ಜೋಳದ ರೊಟ್ಟಿ ದಿನಾಲೂ ತೆಳ್ಳನೆಯ ರೊಟ್ಟಿಯಷ್ಟೇ ತೂಗುತ್ತಿತ್ತು.

"ದಿನಾ ಹಿಂಗ ಮಾಡೀಯೇನು?"

"ಮಾಡೀನಿ." ಮಾನಮ್ಮ ತಲೆ ತಗ್ಗಿಸಲಿಲ್ಲ. "ಕಲ್ಲೂರಾಗ ದಣಿ ಮನಿ ಅಂಗಳದಾಗ ಸಂಜಿಕ ನಮಗ ಕೂಲಿ ಜ್ವಾಳ ಅಳದು ಕೊಡ್ತಿದ್ರು. ಕೊಡಾಂವ ಸೇರಿನೊಳಗ ತನ್ನ ಹೆಬ್ಬಟ್ಟು ಇಟ್ಟು ಅಳೀತಿದ್ದ. ಆ ಹೆಬ್ಬಟ್ಟಿನಷ್ಟು ಜ್ವಾಳ ದಿನಾ ನಿನ್ನ ಬಾಯಾಗಿಂದ ಹೋಗ್ತಿತ್ತು. ಕಂಡರೂ ಉಸುರು ಬಿಡಂಗಿರಲಿಲ್ಲ. ನನ್ನ ಮಗಳಿಗೆ ಅಳದು ಹಾಕಿದ ಕೂಳು ಉಣಿಸಂಗಿಲ್ಲ ಅಂತ ಅವತ್ತ ಆಣಿ ಮಾಡೀನಿ. ಈಗ ನಿನ್ನ ದುಡಿಮಿ ರೊಟ್ಟಿನೂ ಅಳದು ಉಣ್ತೀನಿ ಅಂತೀಯಲ್ಲ?"

ತಾಯಿಯ ಮೇಲೆ ಇಷ್ಟು ಸಿಟ್ಟು, ಇಷ್ಟು ಪ್ರೀತಿ ಒಟ್ಟಿಗೇ ಬಂದದ್ದು ಶಶಿಕಲಾಳಿಗೆ ಅದೇ ಮೊದಲು. ಹೊರಗೆ ಬಸ್ಸಿನ ಹಾರ್ನ್ ಕೇಳಿತು, ಬಸ್ಸು ಹೋಯಿತು. ಅವಳು ಕದಲಲಿಲ್ಲ.

"ಯವ್ವಾ, ಆಂವ ಹೆಬ್ಬಟ್ಟು ಇಟ್ಟು ನನ್ನ ಜ್ವಾಳ ಕಸಗೊಂಡ. ನೀ ಹೆಬ್ಬಟ್ಟು ಇಟ್ರ ನನ್ನ ಕಾಲು ಹೋಗ್ತಾವ. ಅಪ್ಪನ ಹುಣ್ಣು ತೊಳದ ಕೈ ಇದು. ನನ್ನ ಹುಣ್ಣೂ ತೊಳೀತಿಯೇನು?"

ಮಗಳು ರೊಟ್ಟಿ ಮುರಿದು ಚೂರು ಚೂರೇ ಬುಟ್ಟಿಗೆ ಹಾಕುತ್ತ ಹೋದಳು. ನೂರಾ ಹತ್ತಕ್ಕೆ ಬಂದ ಮೇಲೆ ಕೂತು, ಸಾವಕಾಶ ಅಗಿದು ಉಂಡಳು. ಉಂಡು ಏಳುವ ತನಕ ಮಾನಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುವ ಸದ್ದು ಎಂದಿಗಿಂತ ಹೆಚ್ಚು ಹೊತ್ತು ಕೇಳಿತು. ಶಶಿಕಲಾ ಬಂದು ನೋಡಿದರೆ ತಕ್ಕಡಿಯ ಮೇಲೆ ತಟ್ಟೆ, ತಟ್ಟೆಯಲ್ಲಿ ಬೆಳಕು ಕಾಣುವಷ್ಟು ತೆಳ್ಳಗೆ ತಟ್ಟಿದ ಎರಡು ರೊಟ್ಟಿ. ನೂರಾ ಎಂಟು ಗ್ರಾಂ. ಮಾನಮ್ಮ ಅಷ್ಟು ದೂರದಲ್ಲಿ ಬಾಗಿಲಿಗೆ ಒರಗಿ, ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ನಿಂತಿದ್ದಳು.

"ಯಾಕಬೇ, ಅಲ್ಲಿ ನಿಂತಿ?"

"ನೀನ ನೋಡಿಕ್ಯಾ," ಎಂದಳು ಮಾನಮ್ಮ. "ಹಸಿವು ಕಂಡ ಹೆಬ್ಬಟ್ಟು ಇದು. ನನ್ನ ಮಾತು ಕೇಳಂಗಿಲ್ಲ."