ನವೆಂಬರ್ ಒಂದನೇ ತಾರೀಖು

ಬೆಳಿಗ್ಗೆ ಜಡ್ಜ್ ವಿಟ್ಲಾಕರಿಗೆ ಜೋಳದ ಅಂಬಲಿ ಬಡಿಸಿ, ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಬಂದ ಕೆಟೂರಾ ಹತ್ತು ಗಂಟೆಗೆ ಅದೇ ಮೇಜಿನ ಮುಂದೆ ತನ್ನ ಬಿಡುಗಡೆ ಕೇಳುವ ಅರ್ಜಿದಾರಳಾಗಿ ನಿಂತಳು. ಊರಿಗೆ ಕೋರ್ಟಿನ ಕಟ್ಟಡ ಇನ್ನೂ ಬಂದಿರಲಿಲ್ಲ. ವರ್ಷಕ್ಕೆರಡು ಸಲ ಜಡ್ಜರು ಕುದುರೆ ಏರಿ ಬಂದಾಗ ಪೆಲ್ ಖಾನಾವಳಿಯ ಊಟದ ಕೋಣೆಯೇ ಕೋರ್ಟು. ಇವತ್ತಿನ ಎದುರು ಪಕ್ಷ ಖಾನಾವಳಿಯ ಯಜಮಾನ ಜೇರೆಡ್ ಪೆಲ್, ಅವಳ ಒಡೆಯ.

ಆ ರಾಜ್ಯದ ಕಾಯಿದೆ ಹೀಗಿತ್ತು: ೧೭೮೪ರ ನವೆಂಬರ್ ಒಂದರಿಂದಾಚೆ ಗುಲಾಮ ತಾಯಿಗೆ ಹುಟ್ಟಿದ ಮಗು ಇಪ್ಪತ್ತೈದು ತುಂಬಿದಾಗ ಸ್ವತಂತ್ರ. ಅದಕ್ಕೆ ಮೊದಲು ಹುಟ್ಟಿದವರು ಸಾಯುವ ತನಕ ಗುಲಾಮರು. ಈ ಕಾಯಿದೆ ಬರೆದವರು ವಿಟ್ಲಾಕರೇ. ಕುದುರೆಯ ಜೀನು ಹೊಲಿಯುವವನ ಮಗ, ಚಿಕ್ಕ ವಯಸ್ಸಿಗೇ ಶಾಸನಸಭೆಗೆ ಹೋಗಿ ಇದೊಂದನ್ನು ಪಾಸು ಮಾಡಿಸಿ ಹೆಸರು ಮಾಡಿದರು. ಆ ಹೆಸರೇ ಅವರನ್ನು ಜಡ್ಜ್ ಪದವಿಗೂ ಏರಿಸಿತು. ಯಾವ ಊರಿನ ಊಟಕ್ಕೆ ಕೂತರೂ ಆ ಕಥೆ ಹೇಳದೆ ಅವರು ಎದ್ದದ್ದಿಲ್ಲ.

ಕೆಟೂರಾಳಿಗೆ ಈಗ ಇಪ್ಪತ್ತೈದು ತುಂಬಿತ್ತು. ಪೀಪಾಯಿ ಮಾಡುವ ಅವಳ ಗಂಡ ಸ್ವತಂತ್ರ. ಸೋಮವಾರ ಪಶ್ಚಿಮಕ್ಕೆ ಹೊರಡುವ ಗಾಡಿಗಳಲ್ಲಿ ಇಬ್ಬರಿಗೂ ಜಾಗ ಹಿಡಿದಿದ್ದ.

"ನೀನು ಹುಟ್ಟಿದ್ದು ಯಾವಾಗ?" ಕೇಳಿದರು ವಿಟ್ಲಾಕರು.

"ಮೊದಲನೇ ಹಿಮ ಬಿದ್ದ ದಿನ ಸ್ವಾಮಿ. ನಮ್ಮವ್ವ ಸಾಯೋವರ್ಗೂ ಹಂಗೇ ಹೇಳ್ತಿದ್ಲು. ಇಲ್ಲಿ ಹಿಮ ಬೀಳೋದು ನವೆಂಬರ್ ಅರ್ಧ ಕಳೆದ ಮೇಲೇ ಅಲ್ವಾ."

"ಆ ವರ್ಷ ಬೇಗ ಬಿತ್ತು," ಎಂದ ಜೇರೆಡ್, ಕೂತಲ್ಲಿಂದಲೇ. "ಸೇಬೆಲ್ಲ ಮರದಲ್ಲೇ ಹಾಳಾಯ್ತು ಅಂತ ನಮ್ಮಪ್ಪ ವರ್ಷಗಟ್ಟಲೆ ಗೊಣಗ್ತಿದ್ದ. ಬರೆದೂ ಇಟ್ಟಿದ್ದಾನೆ, ನೋಡಿ."

ಅವನು ಮನೆಯ ಬೈಬಲನ್ನು ಮೇಜಿನ ಮೇಲಿಟ್ಟ. ಮೊದಲ ಹಾಳೆಯಲ್ಲಿ ಪೆಲ್ ಮಕ್ಕಳ ಜನನ. ಕೊನೆಯ ಹಾಳೆಯಲ್ಲಿ ಕುದುರೆ, ದನ, ಗುಲಾಮರದು. ಆ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ. ವಿಟ್ಲಾಕರು ಬೆರಳಿಟ್ಟು ಓದಿದರು: 'ಅಕ್ಟೋಬರ್ ೨೧. ಹಿಮ. ಡೈನಾಗೆ ಹೆಣ್ಣು, ಕೆಟೂರಾ.' ಹನ್ನೊಂದು ದಿನ ಮೊದಲು. ಅದರ ಮೇಲೆ, ಅದೇ ವರ್ಷದ ಏಪ್ರಿಲ್‌ನಲ್ಲಿ ಬರೆದ ಇನ್ನೊಂದು ಸಾಲಿತ್ತು: 'ಕಂದು ಕುದುರೆ ಜೂನಿಗೆ ಈಯುತ್ತದೆ. ಡೈನಾಗೆ ಅಕ್ಟೋಬರ್ ಕೊನೆಗೆ ದಿನ ತುಂಬುತ್ತದೆ.'

ವಿಟ್ಲಾಕರು ಆ ಸಾಲನ್ನು ಇನ್ನೊಮ್ಮೆ ಓದಿದರು. ಇದನ್ನು ಬರೆದ ಜೇರೆಡನ ಅಪ್ಪ, ಒಬದಾಯ ಪೆಲ್, ಅಂದು ಅವರೊಡನೆ ಶಾಸನಸಭೆಯಲ್ಲಿದ್ದ. ಈ ಕಾಯಿದೆ ಸಭೆಯ ಮುಂದೆ ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಕರಡಿನಲ್ಲಿದ್ದ ತಾರೀಖು ಜುಲೈ ಒಂದು. ಪಾಸಾಗಲು ಒಂದೇ ಒಂದು ಓಟು ಕಡಿಮೆ ಬಿದ್ದಿತ್ತು. 'ಅದನ್ನ ನವೆಂಬರಿಗೆ ತಳ್ಳು, ನನ್ನ ಓಟು ನಿನಗೆ' ಎಂದಿದ್ದ ಒಬದಾಯ. ಯಾಕೆಂದು ವಿಟ್ಲಾಕರು ಕೇಳಲಿಲ್ಲ. ನಾಲ್ಕು ತಿಂಗಳು ತಾನೇ ಎಂದುಕೊಂಡು ನಗುತ್ತಾ ಕೈಕುಲುಕಿ ಬಂದಿದ್ದರು.

"ಹನ್ನೊಂದೇ ದಿನ, ಜೇರೆಡ್," ಎಂದರು, ಅಂಗಲಾಚುವ ದನಿಯಲ್ಲಿ. "ನೀನಾಗೇ ಬಿಟ್ಟುಕೊಡಬಹುದು. ಕಾಯಿದೆ ಬೇಡ ಅನ್ನೋದಿಲ್ಲ."

"ಬಿಡಬಹುದು ಸಾಹೇಬ್ರೇ. ಮಧ್ಯಾಹ್ನ ನಿಮಗೆ ಬೇಯಿಸಿ ಹಾಕೋರು ಯಾರು?"

ಅರ್ಜಿ ವಜಾ ಮಾಡಿದರು. ಬೇರೆ ದಾರಿಯನ್ನು ಅವರೇ ಇಟ್ಟಿರಲಿಲ್ಲ. ಕೆಟೂರಾ ಅಳಲಿಲ್ಲ, ಒಲೆಯ ಮೇಲೆ ಹುರುಳಿಕಾಯಿ ಬೀಜ ಬೇಯುತ್ತಿತ್ತು, ಒಳಗೆ ಹೋದಳು.

ಮಧ್ಯಾಹ್ನ ಹಂದಿಮಾಂಸ, ಬೀಜದ ಪಲ್ಯ ತಂದು ಅವರ ಮುಂದಿಟ್ಟಳು. ಜೇರೆಡ್ ಲಾಯದ ಕಡೆ ಹೋಗಿದ್ದ. ವಿಟ್ಲಾಕರಿಗೆ ತುತ್ತು ಎತ್ತಲಾಗಲಿಲ್ಲ. ಅವಳು ಹೋಗದೆ ನಿಂತಿದ್ದಳು.

"ಒಂದು ಮಾತು ಕೇಳ್ಲಾ ಸ್ವಾಮಿ? ಆ ತಾರೀಖೇ ಯಾಕೆ? ಅವತ್ತು ಏನಾದ್ರೂ ಆಗಿತ್ತಾ? ಯುದ್ಧ ಗೆದ್ದಿದ್ದೋ, ಯಾರಾದ್ರೂ ದೊಡ್ಡೋರು ಹುಟ್ಟಿದ್ದೋ?"

ಏನಾದರೊಂದು ಹೇಳಿ ಸಾಗಹಾಕಬಹುದಿತ್ತು. ರಾಜಕೀಯದಲ್ಲಿ ಪಳಗಿದ ನಾಲಿಗೆ ಅದು. ಆದರೆ ಅವಳ ಮುಖ ನೋಡಿ ಅವರಿಗೆ ಸಾಧ್ಯವಾಗಲಿಲ್ಲ. ಅವಳಿಗೆ ಓದು ಬಾರದು. ಬೈಬಲು ತೆರೆದು ಎರಡೂ ಸಾಲುಗಳನ್ನು ಓದಿ ಹೇಳಿದರು, ಒಬದಾಯ ಕೇಳಿದ್ದನ್ನೂ ತಾವು ಕೊಟ್ಟಿದ್ದನ್ನೂ ಹೇಳಿದರು. ತಮ್ಮ ಬದುಕಿನ ದೊಡ್ಡ ಕಥೆಯನ್ನು ಅವರು ತಲೆ ತಗ್ಗಿಸಿ ಹೇಳಿದ್ದು ಅದೇ ಮೊದಲು.

ಕೆಟೂರಾ ಪೂರ್ತಿ ಕೇಳಿಸಿಕೊಂಡಳು.

"ಹಂಗಾದ್ರೆ ನನ್ನೊಬ್ಬಳನ್ನ ಹಿಡಿದಿಟ್ಕೊಳ್ಳೋಕೆ ಅಂತ ತಳ್ಳಿದ್ದು," ಎಂದಳು. "ಆ ನಾಲ್ಕು ತಿಂಗಳಲ್ಲಿ ಹುಟ್ಟಿದ ಬೇರೆ ಮಕ್ಕಳು ಎಷ್ಟು ಜನ, ಸ್ವಾಮಿ?"