ಅನ್ನದ ಮೇಲಿನ ಮೊಟ್ಟೆ

ಮನೆಯಲ್ಲೇ ತಿಂಡಿಗೆ ಕೂತಿದ್ದ ಮೈತ್ರಿ, ಬೇಯಿಸಿದ ಮೊಟ್ಟೆಗೆ ಕೈ ಹಾಕುವ ಮೊದಲು ಎಡಗೈಯನ್ನು ತಟ್ಟೆಗೆ ಅಡ್ಡ ಹಿಡಿದಳು. ಅವಳ ಸ್ಕೂಲಿನ ಡಬ್ಬಿ ತುಂಬುತ್ತಿದ್ದ ಅಮ್ಮ ರಮಾ ಕೈ ನಿಲ್ಲಿಸಿದಳು. "ಯಾಕವ್ವ, ಇಲ್ಲಿ ಯಾರವ್ರೆ ನೋಡೋಕೆ?"

"ಸ್ಕೂಲಲ್ಲಿ ಹಿಂಗೇ ತಿನ್ನೋದು. ಕಂಡ್ರೆ ಮಿಸ್ಸು ಬಾಗಿಲ ಹತ್ರ ಕೂತ್ಕೋ ಅಂತಾರೆ," ಎಂದಳು ಒಂದನೇ ಕ್ಲಾಸಿನ ಮಗಳು.

ಮೊಟ್ಟೆಯನ್ನು ಅನ್ನದಡಿ ಹೂತು ಕಳಿಸುವ ಉಪಾಯ ರಮಾಳದ್ದೇ. 'ಸಸ್ಯಾಹಾರ ಮಾತ್ರ ಕಳಿಸಿ' ಎಂದು ಅರಸೀಕೆರೆಯ ಆ ಸ್ಕೂಲಿನವರು ಡೈರಿಯಲ್ಲಿ ಬರೆದು ಕಳಿಸಿದಾಗ, ಜಗಳ ಯಾಕೆ ಎಂದು ಹಾಗೆ ಮಾಡಿದ್ದಳು. ಕೈ ಅಡ್ಡ ಹಿಡಿಯುವ ಮುಂದಿನ ಪಾಠವನ್ನು ಮಗಳು ತಾನೇ ಕಲಿತುಬಿಟ್ಟಿದ್ದಳು.

ಗಂಡಸಿ ಸರ್ಕಲ್ಲಿನಲ್ಲಿ ಸ್ಕೂಲ್ ವ್ಯಾನಿನ ಹಾರನ್ ಕೇಳಿತು. ರಮಾ ಡಬ್ಬಿಯ ಅನ್ನ ಕೆದಕಿ ಮೊಟ್ಟೆಯನ್ನು ಹೊರತೆಗೆದಳು; ಎರಡು ಹೋಳು ಮಾಡಿ, ಹಳದಿ ಕಾಣುವಂತೆ ಮೇಲೆಯೇ ಇಟ್ಟಳು. ಡೈರಿ ತೆರೆದು ಮಿಸ್ಸು ಬರೆದಿದ್ದ ಸಾಲಿನ ಕೆಳಗೆ ದಪ್ಪಕ್ಕೆ ಬರೆದಳು: 'ಸೋಮವಾರ ಮೊಟ್ಟೆ, ಮಂಗಳವಾರ ಹುರುಳಿಕಾಳು, ಬುಧವಾರ ಮೊಟ್ಟೆ, ಗುರುವಾರ ಸೊಪ್ಪಿನ ರೊಟ್ಟಿ, ಶುಕ್ರವಾರ ಮೀನು.'

"ಬಾಗಿಲ ಹತ್ರ ಕೂರ್ಸಿದ್ರೆ?"

"ಕೂರ್ಸ್ಲಿ. ನಾನೂ ಡಬ್ಬಿ ತಗೊಂಡು ಬತ್ತೀನಿ. ಇಬ್ರೂ ಅಲ್ಲೇ ಕೂತು, ಕೈ ಅಡ್ಡ ಹಿಡೀದೆ ತಿನ್ನಾನ."